ಟ್ಯಾಕ್ಸಿಯನ್ನು ಆರಿಸುವವರು ಯಾರು?

ಜವಳಿ ಅಂಗಡಿಯಲ್ಲಿ ಒಂದು ಸೀರೆ ಕೊಳ್ಳುವಾಗ ನಾವು ಹತ್ತು ಸೀರೆಗಳ ಮಡಿಕೆ ಬಿಚ್ಚಿಸುತ್ತೇವೆ. ಬದನೆಕಾಯಿಯನ್ನು ಸಹ ತಿರುಗಿಸಿ ನೋಡದೆ ಚೀಲಕ್ಕೆ ಹಾಕುವುದಿಲ್ಲ. ಆದರೆ ದಾರಿಯ ಬದಿಯಲ್ಲಿ ನಿಂತು ಕೈಬೀಸಿ ಟ್ಯಾಕ್ಸಿಯನ್ನು ಕರೆದಾಗ, ಬಂದು ನಿಂತ ಗಾಡಿಯನ್ನು ಮರುಮಾತಿಲ್ಲದೆ ಹತ್ತುತ್ತೇವೆ. ಅದರ ಬ್ರೇಕು ಹಿಡಿಯುವುದೋ ಇಲ್ಲವೋ, ಮೀಟರು ನಿಜ ಹೇಳುವುದೋ ಸುಳ್ಳು ಹೇಳುವುದೋ, ಪರೀಕ್ಷಿಸಲು ನಮಗೆ ಸಮಯವೂ ಇಲ್ಲ, ತಿಳಿವಳಿಕೆಯೂ ಇಲ್ಲ. ನಮ್ಮ ಪರವಾಗಿ ಬೇರೆ ಯಾರೋ ಅದನ್ನು ಮೊದಲೇ ನೋಡಿಟ್ಟಿರಬೇಕು. ಬೀದಿಯಲ್ಲಿ ಓಡಾಡುವ ಇತರ ಮೋಟಾರುಗಳ ಬಣ್ಣವನ್ನಾಗಲಿ ವಯಸ್ಸನ್ನಾಗಲಿ ಅಷ್ಟಾಗಿ ವಿಚಾರಿಸದ ಆಡಳಿತದವರು ಟ್ಯಾಕ್ಸಿಯ ಮಟ್ಟಿಗೆ ಎಲ್ಲವನ್ನೂ ವಿಚಾರಿಸುವುದು ಈ ಕಾರಣದಿಂದ.

ವಿಚಾರಿಸುವ ರೀತಿ ಮಾತ್ರ ಊರಿಂದೂರಿಗೆ ಬೇರೆ. ಒಂದು ಊರು, 'ಗಾಡಿಯಲ್ಲಿ ಇಂತಿಂಥ ಗುಣಗಳಿರಲಿ, ಯಾರು ತಯಾರಿಸಿದರೂ ಸರಿ' ಎನ್ನುತ್ತದೆ. ಇನ್ನೊಂದು, 'ಇಂಥ ಕಂಪೆನಿಯ ಇಂಥ ಗಾಡಿಯನ್ನೇ ತನ್ನಿ' ಎನ್ನುತ್ತದೆ. ಎರಡರಲ್ಲಿಯೂ ಆರಿಸುವವರು ಒಬ್ಬರು, ಹಣ ಕೊಟ್ಟು ಕೊಳ್ಳುವವರು ಇನ್ನೊಬ್ಬರು. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕೆಂದು ನನ್ನ ಕೋರಿಕೆ. ನಮ್ಮ ತಂದೆಯವರು ಬೆಂಗಳೂರಿನಲ್ಲಿ ಹಳದಿ ಬೋರ್ಡಿನ ಕಾರು ಓಡಿಸುತ್ತಾರೆ. ಆದುದರಿಂದ ನಾನು ಟ್ಯಾಕ್ಸಿಯನ್ನು ಬಾಡಿಗೆ ಕೊಡುವವನ ಕಣ್ಣಿನಿಂದ ನೋಡಿದುದಕ್ಕಿಂತ ಕಂತು ಕಟ್ಟುವವರ ಮನೆಯಿಂದ ನೋಡಿದುದೇ ಹೆಚ್ಚು.

ಗುಣಗಳನ್ನು ಗೊತ್ತುಮಾಡುವ ಪದ್ಧತಿಗೆ ಲಂಡನ್ ನಗರವೇ ಹಿರಿಯಣ್ಣ. ಅಲ್ಲಿ ಬಾಡಿಗೆಯ ಕುದುರೆಗಾಡಿಗಳಿಗೆ ೧೬೫೪ರಲ್ಲೇ ಕಾನೂನಿತ್ತು. ಮೋಟಾರು ಬಂದ ಮೇಲೆ, ೧೯೦೬ರಲ್ಲಿ, ಟ್ಯಾಕ್ಸಿಗಳ ಮೇಲ್ವಿಚಾರಣೆ ನಡೆಸುತ್ತಿದ್ದ ಅಲ್ಲಿನ ಪೋಲೀಸು ಇಲಾಖೆಯವರು 'ಯೋಗ್ಯತೆಯ ನಿಬಂಧನೆಗಳು' ಎಂಬ ಕಟ್ಟಳೆಗಳನ್ನು ಹೊರಡಿಸಿದರು. ಅವುಗಳಲ್ಲಿ ಜಗತ್ಪ್ರಸಿದ್ಧವಾದುದು ಒಂದು: ಟ್ಯಾಕ್ಸಿಯು ೨೫ ಅಡಿ ವ್ಯಾಸದ ವೃತ್ತದೊಳಗೆ ಪೂರ್ತಿಯಾಗಿ ತಿರುಗಬೇಕು. ಸಾಧಾರಣ ಕಾರಿಗೆ ಮೂವತ್ತು ಅಡಿಗಿಂತಲೂ ಹೆಚ್ಚು ಜಾಗ ಬೇಕು. ಲಂಡನ್ನಿನ ಹಳೆಯ ಬೀದಿಗಳು ಕಿರಿದು. ಎದುರು ಬದಿಯಲ್ಲಿ ನಿಂತವರು ಕೈ ತೋರಿಸಿದರೆ ಟ್ಯಾಕ್ಸಿ ಹಿಂದೆ ಮುಂದೆ ತುಯ್ದಾಡದೆ ಒಂದೇ ಸುತ್ತಿಗೆ ಅವರ ಮುಂದೆ ಬಂದು ನಿಲ್ಲಬೇಕೆಂಬುದು ಇದರ ಪ್ರಯೋಜನ.

ಕೇಳುವುದಕ್ಕೆ ಇದು ಸಣ್ಣ ಮಾತು. ಆದರೆ ಗಾಡಿಯೊಂದು ಎಷ್ಟು ಜಾಗದಲ್ಲಿ ತಿರುಗುತ್ತದೆಂಬುದು ಅದರ ಅಸ್ಥಿಪಂಜರಕ್ಕೆ ಸೇರಿದ ವಿಷಯ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಎಷ್ಟು ದೂರ, ಮುಂಗಾಲಿಗಳು ಎಷ್ಟು ಓರೆಯಾಗಿ ಹೊರಳಬಲ್ಲವು ಎಂಬ ಎರಡರ ಮೇಲೆ ಅದು ನಿಂತಿದೆ. ಮನೆಮನೆಗೆ ಮಾರುವ ಕಾರನ್ನು ಕಪ್ಪು ಬಣ್ಣ ಬಳಿದು ಲಂಡನ್ ಟ್ಯಾಕ್ಸಿ ಮಾಡುವುದು ಸಾಧ್ಯವಾಗಲಿಲ್ಲ. ಆ ಊರಿಗಾಗಿಯೇ ಬೇರೆ ಗಾಡಿ ಕಟ್ಟಬೇಕಾಯಿತು. ೧೯೪೮ರಲ್ಲಿ ಬಂದ ಆಸ್ಟಿನ್ ಎಫ್‌ಎಕ್ಸ್೩, ಅನಂತರ ೧೯೫೮ರಲ್ಲಿ ಬಂದ ಎಫ್‌ಎಕ್ಸ್೪ ಇಂಥವು. ಚಿತ್ರಗಳಲ್ಲಿ ನಾವು ಕಾಣುವ ಗುಂಡುಬೆನ್ನಿನ ಕರಿಯ ಗಾಡಿ ಈ ಎರಡನೆಯದು. ಚಾಲಕನ ಪಕ್ಕದಲ್ಲಿ ಸೀಟಿನ ಬದಲು ಪೆಟ್ಟಿಗೆ ಇಡುವ ಜಾಗ, ಅವನಿಗೂ ಪ್ರಯಾಣಿಕರಿಗೂ ನಡುವೆ ಒಂದು ತಡಿಕೆ. ಸಣ್ಣಪುಟ್ಟ ಬದಲಾವಣೆಗಳೊಡನೆ ಇದು ೧೯೯೭ರವರೆಗೆ ತಯಾರಾಗುತ್ತಿತ್ತು.

ಇಲ್ಲಿ ಒಂದು ಸೋಜಿಗವಿದೆ. ಯಾರು ಬೇಕಾದರೂ ಮಾಡಬಹುದೆಂದು ನಿಬಂಧನೆ ಹೇಳಿದರೂ, ಒಂದೇ ಊರಿನ ಹಟಕ್ಕಾಗಿ ಗಾಡಿ ಕಟ್ಟಲು ದೊಡ್ಡ ಕಾರ್ಖಾನೆಗಳು ಮನಸ್ಸು ಮಾಡಲಿಲ್ಲ. ಬಹುಕಾಲ ಆ ಕೆಲಸ ಬಹುಮಟ್ಟಿಗೆ ಕಾವೆಂಟ್ರಿಯ ಒಂದೇ ಕಾರ್ಖಾನೆಯ ಪಾಲಾಯಿತು. ಗುಣವನ್ನು ಹೇಳಹೋಗಿ ಹೆಸರನ್ನೇ ಹೇಳಿದಂತಾಯಿತು! ೨೦೦೮ರಲ್ಲಿ ಮರ್ಸಿಡಿಸ್ ವೀಟೋ ಎಂಬ ವ್ಯಾನು ಟ್ಯಾಕ್ಸಿಯಾಗಲು ಬಂದಾಗ, ೨೫ ಅಡಿಯ ಕಟ್ಟಳೆಗಾಗಿ ಅದರ ಹಿಂಗಾಲಿಗಳು ಸಹ ಹೊರಳುವಂತೆ ಯಂತ್ರ ಜೋಡಿಸಬೇಕಾಯಿತು. ನೂರು ವರ್ಷ ಹಿಂದೆ ಬರೆದ ಒಂದು ಸಾಲು ಜರ್ಮನ್ ಕಾರ್ಖಾನೆಯ ಗಾಡಿಗೆ ಹಿಂಗಾಲಿನ ನಡೆ ಕಲಿಸಿದ್ದು ಸಾಮಾನ್ಯವೇ?

ಹಟವೆಂದು ನಾನೆಂದರೂ ಅದರಿಂದ ಒಳ್ಳೆಯದೂ ಆಗಿದೆ. ಗಾಲಿಕುರ್ಚಿಯಲ್ಲಿ ಕುಳಿತವರು ಕುರ್ಚಿಯ ಸಮೇತ ಏರುವಂತಿರಬೇಕೆಂದು ೧೯೮೯ರಿಂದ ಹೊಸ ಟ್ಯಾಕ್ಸಿಗಳಿಗೂ, ೨೦೦೦ದಿಂದ ಎಲ್ಲ ಟ್ಯಾಕ್ಸಿಗಳಿಗೂ ಅಲ್ಲಿ ಕಡ್ಡಾಯವಾಯಿತು. ನಡೆಯಲಾರದವರು ಬೀದಿಯಲ್ಲಿ ಯಾವ ಟ್ಯಾಕ್ಸಿಯನ್ನಾದರೂ ಕರೆಯಬಹುದು. ಮುಂಚಿತವಾಗಿ ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ. ೨೦೧೮ರ ಜನವರಿಯಿಂದ ಅಲ್ಲಿ ಹೊಸದಾಗಿ ಪರವಾನಗಿ ಪಡೆಯುವ ಟ್ಯಾಕ್ಸಿ ಹೊಗೆಯಿಲ್ಲದೆ ಓಡಬಲ್ಲದ್ದಾಗಿರಬೇಕು. (ಲಂಡನ್ನಿನಲ್ಲಿ ೧೮೯೭ರಲ್ಲಿಯೇ ವಿದ್ಯುತ್ ಟ್ಯಾಕ್ಸಿಗಳಿದ್ದವೆಂದು, ಎರಡು ವರ್ಷದಲ್ಲೇ ಮೂಲೆ ಸೇರಿದವೆಂದು ತಿಳಿದರೆ ನಗು ಬರುತ್ತದೆ.) ಆಗ ಬಂದ ಹೊಸ ಗಾಡಿಯ ಬೆಲೆ ಸುಮಾರು ೫೫ ಸಾವಿರ ಪೌಂಡು. ಸರ್ಕಾರ ೭,೫೦೦ ಪೌಂಡಿನ ಸಹಾಯ ಕೊಟ್ಟಿತು. ಉಳಿದ ಹೊರೆ ಚಾಲಕನದು. ಅತ್ತ ಫೋನಿನಲ್ಲಿ ಮೊದಲೇ ಗೊತ್ತುಮಾಡುವ ಬಾಡಿಗೆ ಕಾರುಗಳಿಗೆ ತಿರುಗುವ ವೃತ್ತವೂ ಇಲ್ಲ, ಗಾಲಿಕುರ್ಚಿಯ ಕಡ್ಡಾಯವೂ ಇಲ್ಲ. ಒಂದೇ ಬೀದಿಯಲ್ಲಿ ಎರಡು ನ್ಯಾಯ ಎಂದು ಕರಿಯ ಟ್ಯಾಕ್ಸಿಯವರು ದೂರುವುದು ನನಗೆ ಸರಿಯೆಂದೇ ತೋರುತ್ತದೆ.

ನ್ಯೂಯಾರ್ಕಿನ ಕಥೆ ಬೇರೆ. ಅಲ್ಲಿ ೧೯೩೭ರ ಹಾಸ್ ಕಾಯಿದೆ ಟ್ಯಾಕ್ಸಿಗಳ ಸಂಖ್ಯೆಯನ್ನೇ ಕಟ್ಟಿಹಾಕಿತು. ಗಾಡಿಯ ಮೂತಿಗೆ ಬಿಲ್ಲೆ ಇದ್ದವರಿಗೆ ಮಾತ್ರ ಬೀದಿಯಲ್ಲಿ ಜನರನ್ನು ಹತ್ತಿಸಿಕೊಳ್ಳುವ ಹಕ್ಕು. ಬಹುಕಾಲ ಜನಪ್ರಿಯವಾಗಿದ್ದ ಚೆಕರ್ ಗಾಡಿಯ ತಯಾರಿಕೆ ೧೯೮೨ರಲ್ಲಿ ನಿಂತಿತು. ಕೊನೆಯದು ೧೯೯೯ರಲ್ಲಿ ಬೀದಿ ಬಿಟ್ಟಿತು. ಅದರ ಜಾಗಕ್ಕೆ ಬಂದ ಫೋರ್ಡ್ ಕ್ರೌನ್ ವಿಕ್ಟೋರಿಯಾ ೨೦೧೧ರಲ್ಲಿ ನಿಲ್ಲುವುದರಲ್ಲಿತ್ತು. ಆಗ ನಗರದವರು 'ನಾಳೆಯ ಟ್ಯಾಕ್ಸಿ' ಎಂದು ಒಂದು ಸ್ಪರ್ಧೆಯನ್ನು ನಡೆಸಿದರು. ಕೊನೆಯ ಸುತ್ತಿಗೆ ಮೂರು ಗಾಡಿಗಳು ಉಳಿದವು. ತುರ್ಕಿಯ ಕಾರ್ಸಾನ್ ಕಂಪೆನಿಯದರಲ್ಲಿ ಗಾಲಿಕುರ್ಚಿಯೊಡನೆ ಏರುವ ಅನುಕೂಲವಿತ್ತು. ಆದರೆ ಆಯ್ಕೆಯಾದದ್ದು ನಿಸ್ಸಾನ್ ಎನ್‌ವಿ೨೦೦. ಹತ್ತು ವರ್ಷ ಇದೊಂದೇ ಎಂದು ಒಪ್ಪಂದ! ಜಾರುವ ಬಾಗಿಲು, ಆಕಾಶ ಕಾಣುವ ಗಾಜಿನ ಮಾಡು, ಎಲ್ಲವೂ ಚೆನ್ನಾಗಿತ್ತು. ಆದರೆ ಅದು ಪೆಟ್ರೋಲು ಉಳಿಸುವ ಹೈಬ್ರಿಡ್ ಗಾಡಿಯಾಗಿರಲಿಲ್ಲ. ಗಾಲಿಕುರ್ಚಿಗೆ ಬೇರೆ ಮಾರ್ಪಾಟು ಬೇಕಾಗಿತ್ತು. ಟ್ಯಾಕ್ಸಿಯ ಒಡೆಯರು ನ್ಯಾಯಾಲಯಕ್ಕೆ ಹೋದರು. ೨೦೧೫ರಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯ ನಗರದ ಪರವಾಗಿ ತೀರ್ಪಿತ್ತಿತು. ಗೆದ್ದ ಹಕ್ಕನ್ನು ಮೂರೇ ವರ್ಷಕ್ಕೆ, ೨೦೧೮ರಲ್ಲಿ, ನಗರದವರೇ ಬಿಟ್ಟುಕೊಟ್ಟರು. ಅಷ್ಟರಲ್ಲಿ ಆ್ಯಪ್ ಕಾರುಗಳು ಟ್ಯಾಕ್ಸಿಯ ಬಾಡಿಗೆಯನ್ನು ಕಸಿದುಕೊಂಡಿದ್ದವು. ಬಡವಾದವರ ಮೇಲೆ ಒಂದೇ ಗಾಡಿಯನ್ನು ಹೇರುವುದಕ್ಕೆ ಅರ್ಥವಿರಲಿಲ್ಲ.

ನಮ್ಮ ದೇಶದಲ್ಲಿ ಇಂಥ ಸ್ಪರ್ಧೆಗಳ ಗೋಜಿಲ್ಲ. ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದ ನಮ್ಮವರು ಇಳಿದೊಡನೆ ಕಾಣುತ್ತಿದ್ದ ಕಪ್ಪು ಹಳದಿಯ ಫಿಯೆಟ್ಟು, ಅಂದರೆ ಪ್ರೀಮಿಯರ್ ಪದ್ಮಿನಿ, ಯಾವ ಸ್ಪರ್ಧೆಯನ್ನೂ ಗೆದ್ದು ಬಂದುದಲ್ಲ. ಕೊಳ್ಳಲು ಸಿಗುತ್ತಿದ್ದ ಕಾರುಗಳೇ ಎರಡು ಮೂರು. ಕಲ್ಕತ್ತೆ ಅಂಬಾಸಡರನ್ನು ಹಿಡಿಯಿತು, ಮುಂಬಯಿ ಫಿಯೆಟ್ಟನ್ನು. ಅಲ್ಲಿನ ಆಡಳಿತ ಹಿಡಿದದ್ದು ವಯಸ್ಸನ್ನು. ೨೦೦೮ರಲ್ಲಿ ೨೫ ವರ್ಷವೆಂದೂ ೨೦೧೩ರಲ್ಲಿ ೨೦ ವರ್ಷವೆಂದೂ ಮಿತಿಯಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ೨೦೦೩ರ ಅಕ್ಟೋಬರ್ ೨೯ರಂದು ನೋಂದಣಿಯಾಗಿದ್ದುದರಿಂದ, ೨೦೨೩ರ ಅಕ್ಟೋಬರ್ ೩೦ಕ್ಕೆ ಆ ಗಾಡಿಯ ಕಾಲ ಮುಗಿಯಿತು. ದೆಹಲಿಯಲ್ಲಿ ಇಂಧನವೇ ಅಳತೆಗೋಲಾಯಿತು: ೧೯೯೦ಕ್ಕೆ ಹಿಂದಿನ ಆಟೋ, ಟ್ಯಾಕ್ಸಿಗಳನ್ನು ೨೦೦೦ದ ಮಾರ್ಚಿಯೊಳಗೆ ಶುದ್ಧ ಇಂಧನದ ಹೊಸ ಗಾಡಿಗಳಾಗಿ ಬದಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೯೮ರ ಜುಲೈಯಲ್ಲಿ ಅಪ್ಪಣೆ ಮಾಡಿತು. ಊರಿನ ಗಾಳಿ ಎಲ್ಲರದು, ಗ್ಯಾಸಿನ ಬಂಕಿನ ಮುಂದೆ ಸರದಿ ನಿಂತವರು ಚಾಲಕರು.

ಕರ್ನಾಟಕ ಹಿಡಿದಿರುವ ದಾರಿ ಇನ್ನೂ ವಿಚಿತ್ರ. ಹಳದಿ ಬೋರ್ಡು, ಪರ್ಮಿಟ್ಟು, ಕಾಲಕಾಲಕ್ಕೆ ಎಫ್.ಸಿ., ಗಂಟೆಗೆ ೮೦ ಕಿಲೋಮೀಟರು ಮೀರದಂತೆ ವೇಗದ ಕಡಿವಾಣ, ಇವು ದೇಶಕ್ಕೆಲ್ಲ ಇರುವಂಥವೇ. ಅದರ ಮೇಲೆ ನಮ್ಮ ಸರ್ಕಾರ ದರವನ್ನು ಗಾಡಿಯ ಬೆಲೆಗೆ ಗಂಟುಹಾಕಿದೆ. ೨೦೧೮ರಲ್ಲಿ ನಾಲ್ಕು ತರಗತಿಗಳಿದ್ದವು. ೨೦೨೪ರ ಆಜ್ಞೆಯಲ್ಲಿ ಮೂರಾದವು. ಹತ್ತು ಲಕ್ಷದೊಳಗಿನ ಗಾಡಿಗೆ ಮೊದಲ ನಾಲ್ಕು ಕಿಲೋಮೀಟರಿಗೆ ೧೦೦ ರೂಪಾಯಿ, ಅನಂತರ ಕಿಲೋಮೀಟರಿಗೆ ೨೪. ಹತ್ತರಿಂದ ಹದಿನೈದು ಲಕ್ಷದ್ದಕ್ಕೆ ೧೧೫ ಮತ್ತು ೨೮. ಅದಕ್ಕೆ ಮೇಲ್ಪಟ್ಟುದಕ್ಕೆ ೧೩೦ ಮತ್ತು ೩೨.

ಹೆಚ್ಚು ಹಣ ಹಾಕಿದವರಿಗೆ ಹೆಚ್ಚು ದರ ಸಿಗಬೇಕೆಂಬುದು ಚಾಲಕರ ಪಕ್ಷದ ನ್ಯಾಯವೇ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಬೆಲೆಯು ಗುಣವಲ್ಲ. ಹದಿನೈದು ಲಕ್ಷದ ಎತ್ತರದ ಗಾಡಿಗೆ ಮಂಡಿನೋವಿನ ಅಜ್ಜಿಯನ್ನು ಇಬ್ಬರು ಹಿಡಿದು ಹತ್ತಿಸಬೇಕಾಗಬಹುದು. ಏಳು ಲಕ್ಷದ ಡಬ್ಬಿಯಂಥ ಕಾರಿಗೆ ಆಕೆ ತಾನೇ ಹತ್ತಿ ಕುಳಿತಾಳು. ಬಾಗಿಲು ಎಷ್ಟು ಅಗಲ, ಮೆಟ್ಟಿಲು ಎಷ್ಟು ಎತ್ತರ, ಗಾಲಿಕುರ್ಚಿಯನ್ನು ಎಲ್ಲಿ ಇಡುವುದು ಎಂಬುದು ಆ ದರಪಟ್ಟಿಯಲ್ಲಿಲ್ಲ. ಒಂದು ಅಂಗುಲದ ಲೆಕ್ಕವನ್ನೂ ಬಿಡದ ಲಂಡನ್ನಿನಿಂದ ನಾವು ಸ್ವಲ್ಪ ತರಬಹುದಿತ್ತು, ಹಣದ ಭಾರವನ್ನು ಅಲ್ಲಿಗಿಂತ ಹೆಚ್ಚು ಹಂಚಿಕೊಂಡು.

ನಮ್ಮ ಮನೆಯಲ್ಲಿ ಈಗ ಇದೇ ಚರ್ಚೆ. ಹಳೆಯ ಗಾಡಿಯ ಕಂತು ಮುಗಿದಿದೆ, ಎಂಜಿನ್ನೂ ಮುಗಿಯುತ್ತ ಬಂದಿದೆ. ತಂದೆಯವರ ಕಣ್ಣು ಒಂದು ವಿದ್ಯುತ್ ಕಾರಿನ ಮೇಲೆ ಬಿದ್ದಿದೆ. ಅಂಥವಕ್ಕೆ ಪರ್ಮಿಟ್ಟು ಬೇಡವೆಂದು ಕೇಂದ್ರ ಸರ್ಕಾರ ೨೦೧೮ರಲ್ಲಿ ಸಾರಿತು. ಆದರೆ ಅದರ ಬೆಲೆ ಹತ್ತು ಲಕ್ಷದ ಗೆರೆಯ ಆಚೆಗಿದೆ. ಗೆರೆ ದಾಟಿದರೆ ಕಿಲೋಮೀಟರಿಗೆ ನಾಲ್ಕು ರೂಪಾಯಿ ಹೆಚ್ಚು, ಆ ದರಕ್ಕೆ ಕರೆಯುವವರು ಕಡಮೆ. ನನ್ನ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಅವರ ಕೈಬರಹದ ಕೂಡುವ ಕಳೆಯುವ ಲೆಕ್ಕಗಳು ತುಂಬಿವೆ. ಕರೆಂಟಿನ ಖರ್ಚು, ಕಂತು, ವಿಮೆ ಎಲ್ಲವನ್ನೂ ಬರೆದು, ಕೊನೆಯ ಮೊತ್ತದ ಕೆಳಗೆ ಅವರು ಇನ್ನೂ ಗೆರೆ ಎಳೆದಿಲ್ಲ.