ಹಳೆಯ ಡ್ರಮ್ಮಿಗೆ ಎರಡು ಹನಿ ಎಣ್ಣೆ

ಮದುವೆ ಮೆರವಣಿಗೆ ಬಂತು ಅಂದ್ರೆ ಮೊದಲು ಕೇಳೋದು ಬ್ಯಾಂಡ್ ಸೆಟ್ಟಿನ ಸದ್ದು. ಮೈಸೂರು ದಸರಾದಲ್ಲಿ ಪೊಲೀಸ್ ಬ್ಯಾಂಡ್ ನುಡಿಯುತ್ತದೆ. ಆಗಸ್ಟ್ 15ಕ್ಕೆ ಶಾಲೆಯ ಮಕ್ಕಳೂ ಡ್ರಮ್ ಬಾರಿಸುತ್ತಾರೆ. ಬ್ಯಾಂಡಿನವರಿಗಂತೂ ಡ್ರಮ್ಮೇ ಅನ್ನ. ಮೆರವಣಿಗೆ ಹೊರಡುವ ಹೊತ್ತಿಗೆ ಡ್ರಮ್ ಕೈಕೊಟ್ಟರೆ ಏನು ಗತಿ? ಅವತ್ತಿನ ಕೂಲಿ ಹೋಯ್ತು. ಮುಂದಿನ ಕರೆಯೂ ಹೋಯ್ತು.

ಡ್ರಮ್ಮಿನ ಮೈ ಮರದ್ದೋ ತಗಡಿನದ್ದೋ ಇರುತ್ತದೆ. ಅದರ ಬಾಯಿಗೆ ಹೊದಿಕೆ. ಹೊದಿಕೆಯ ಮೇಲೆ ಲೋಹದ ಬಳೆ. ಬಳೆಯನ್ನು ಹಿಡಿದಿಡಲು ಸುತ್ತಲೂ ಉದ್ದನೆಯ ತಿರುಪುಗಳು. ತಿರುಪು ಬಿಗಿದರೆ ಹೊದಿಕೆ ಬಿಗಿಯುತ್ತದೆ, ಸದ್ದು ಏರುತ್ತದೆ. ಸಡಿಲಿಸಿದರೆ ಸದ್ದು ಇಳಿಯುತ್ತದೆ. ತಿರುಪಿಗೆ ತುಕ್ಕು ಹಿಡಿದರೆ ಎರಡೂ ಆಗದು.

ತುಕ್ಕು ಯಾಕೆ ಹಿಡಿಯುತ್ತದೆ? ಮಳೆ ನೀರು, ಕೈಯ ಬೆವರು, ಗಾಳಿಯ ತೇವ. ಇವು ಕಬ್ಬಿಣವನ್ನು ತಿನ್ನುತ್ತವೆ. ಹಳೆಯ ಡ್ರಮ್ಮಿನಲ್ಲಿ ಮೇಲಿನ ಹೊಳಪಿನ ಲೇಪ ಸವೆದಿರುತ್ತದೆ. ಅಲ್ಲಿಂದಲೇ ತುಕ್ಕು ಶುರು.

ತಿರುಪು ಕಚ್ಚಿಕೊಂಡರೆ ಬಲ ಹಾಕಬಾರದು. ಮುರಿದೀತು. ಹಳೆಯ ಡ್ರಮ್ಮಿನ ತಿರುಪಿನ ಮರೆ ಬೇರೆ ಇರಬಹುದು. ಹೊಸ ತಿರುಪು ಅದಕ್ಕೆ ಕೂರದೇ ಹೋಗಬಹುದು. ಅದಕ್ಕೇ ಹಳೆಯದನ್ನು ಉಳಿಸಿಕೊಳ್ಳೋದು ಜಾಣತನ.

ಹಾಗಾದರೆ ಏನು ಮಾಡೋಣ?

1. ತಿರುಪಿನ ಬುಡಕ್ಕೆ ಎರಡು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡೋಣ. ಒಂದು ರಾತ್ರಿ ಬಿಟ್ಟು ಮೆಲ್ಲಗೆ ತಿರುಗಿಸೋಣ.

2. ಒಂದೇ ತಿರುಪನ್ನು ಪೂರ್ತಿ ಬಿಚ್ಚಬಾರದು. ಬಳೆ ಸೊಟ್ಟಗಾಗುತ್ತದೆ. ಒಂದನ್ನು ಅರ್ಧ ಸುತ್ತು, ಆಮೇಲೆ ಅದರ ಎದುರಿನದನ್ನು ಅರ್ಧ ಸುತ್ತು. ಬಿಗಿಯುವಾಗಲೂ ಹೀಗೇ.

3. ಬಿಚ್ಚಿದ ತಿರುಪನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸೋಣ. ಮರೆಗೆ ತೆಳ್ಳಗೆ ವ್ಯಾಸಲೀನ್ ಸವರೋಣ. ಹೆಚ್ಚು ಬೇಡ. ಹೆಚ್ಚಾದರೆ ಧೂಳು ಅಂಟುತ್ತದೆ.

4. ಹೊಳೆಯುವ ಬಳೆಗೆ ಉಪ್ಪುಕಾಗದ ಹಾಕಬಾರದು. ಲೇಪ ಕಿತ್ತು ಹೋಗುತ್ತದೆ. ಊಟ ಸುತ್ತುವ ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಹಾಳೆಯನ್ನು ಮುದುಡಿ, ನೀರಲ್ಲಿ ಅದ್ದಿ ಮೆತ್ತಗೆ ಉಜ್ಜಿದರೆ ತುಕ್ಕು ಬಿಡುತ್ತದೆ. ಬಳೆಯನ್ನು ಡ್ರಮ್ಮಿನಿಂದ ತೆಗೆದೇ ಇದನ್ನು ಮಾಡಬೇಕು. ಆಮೇಲೆ ಚೆನ್ನಾಗಿ ಒಣಗಿಸಬೇಕು.

ಆರ್ಕೆಸ್ಟ್ರಾದವರು ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುತ್ತಾರೆ. ಅದಕ್ಕೆ ಪೆಡಲ್ ಬೇಕು. ಅಮೆರಿಕದ ಶಿಕಾಗೋ ನಗರದಲ್ಲಿ 1909ರಲ್ಲಿ ಲುಡ್ವಿಗ್ ಅನ್ನುವವರು ಚುರುಕಾದ ಪೆಡಲ್ ಮಾಡಿ ಮಾರಲು ಶುರುಮಾಡಿದರು. ಪೆಡಲ್ ತಿರುಗುವ ಕಡೆಯೆಲ್ಲ ಒಂದೊಂದು ಹನಿ ಎಣ್ಣೆ ಸಾಕು. ಕಿರುಗುಟ್ಟೋದು ನಿಲ್ಲುತ್ತದೆ.

ಎಣ್ಣೆ ಹಾಕಬಾರದ ಜಾಗವೂ ಇದೆ. ಹೊದಿಕೆಗೆ ಬೇಡ. ಮರಕ್ಕೆ ಬೇಡ. ಸೈಡ್ ಡ್ರಮ್ಮಿನ ಅಡಿಯ ತಂತಿಗೂ ಬೇಡ. ಅಡುಗೆ ಎಣ್ಣೆಯನ್ನಂತೂ ಎಲ್ಲಿಗೂ ಹಾಕಬಾರದು. ದಿನ ಕಳೆದಂತೆ ಅದು ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗೋದನ್ನು ನಾವು ನೋಡಿಲ್ಲವೇ?

ಎಲ್ಲಕ್ಕಿಂತ ದೊಡ್ಡ ಮದ್ದು ಒಣ ಬಟ್ಟೆ. ಬಾರಿಸಿ ಬಂದ ಕೂಡಲೇ ಒರೆಸಿಡೋಣ. ಎಣ್ಣೆ ಹಾಕಿದ ದಿನವನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸೋಣ. ಬರೆಯೋದನ್ನು ಕಲಿತಿದ್ದೇವಲ್ಲ! ಮುಂದಿನ ಮದುವೆ ಕಾಲಕ್ಕೆ ಮೊದಲು ಆ ಚೀಟಿಯೇ ನಮಗೆ ನೆನಪು ಮಾಡುತ್ತದೆ.