ಏಪ್ರಿಲ್ ಬಿಸಿಲಿಗೂ ಬಾಡದ ಅಂಗಳ ಬೇಕೆ?

ಧರ್ಮಪುರಿ: ಹೊಸ ಮನೆ ಕಟ್ಟಿದ್ದಾಯಿತು, ಗೃಹಪ್ರವೇಶವೂ ಮುಗಿಯಿತು. ಗೇಟಿಗೂ ಹೊಸಿಲಿಗೂ ನಡುವೆ ಹತ್ತಡಿ ಜಾಗ ಉಳಿದಿದೆ. ಅಲ್ಲಿ ನಾಲ್ಕು ಹೂಗಿಡ ನೆಡೋಣ ಅಂತ ಎಲ್ಲರಿಗೂ ಆಸೆ. ಜುಲೈ ಮಳೆಯಲ್ಲಿ ನರ್ಸರಿಗೆ ಹೋಗಿ ಗುಲಾಬಿ, ಡೇಲಿಯಾ, ಜತೆಗೆ ಒಂದಿಷ್ಟು ಹುಲ್ಲುಹಾಸನ್ನೂ ತಂದು ನೆಟ್ಟದ್ದಾಯಿತು. ದೀಪಾವಳಿವರೆಗೂ ನೋಡೋಕೆ ಎರಡು ಕಣ್ಣು ಸಾಲದು. ಏಪ್ರಿಲ್ ಬಂದಾಗ? ಒಣಕಡ್ಡಿ ಮಾತ್ರ!

ಧರ್ಮಪುರಿ, ಸೇಲಂ ಜಿಲ್ಲೆಗಳ ಎಷ್ಟೋ ಅಂಗಳಗಳ ಕಥೆ ಇದೇ. ತಪ್ಪು ಗಿಡದ್ದಲ್ಲ, ಆಯ್ಕೆಯದ್ದು. ಏಪ್ರಿಲ್‌ನಲ್ಲಿ ಮನೆಯಲ್ಲಿ ಎಷ್ಟು ಕೊಡ ನೀರು ಮಿಗುತ್ತದೆ ಅನ್ನೋದನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಗಿಡ ಕೊಳ್ಳಬೇಕು.

ಕೊಡದ ಲೆಕ್ಕ

ಧರ್ಮಪುರಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 850 ಮಿ.ಮೀ. ಅದರಲ್ಲಿ ಬಹುಪಾಲು ಜೂನ್‌ನಿಂದ ಡಿಸೆಂಬರ್ ಒಳಗೇ ಮುಗಿದುಹೋಗುತ್ತದೆ. ಇಲ್ಲಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕೇ ಧರ್ಮಪುರಿ ಮತ್ತು 2004ರಲ್ಲಿ ಅದರಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಗೆ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. 2008ರಲ್ಲಿ ಶಂಕುಸ್ಥಾಪನೆಯಾಗಿ 2013ರಲ್ಲಿ ಉದ್ಘಾಟನೆಯಾಯಿತು. ಕುಡಿಯೋಕೆ ಅಂತ ಅಷ್ಟು ಕಷ್ಟಪಟ್ಟು ತಂದ ಕಾವೇರಿ ನೀರನ್ನು ಹುಲ್ಲಿಗೆ ಸುರಿಯೋಕಾಗುತ್ತಾ?

ಹತ್ತಡಿ ಉದ್ದ, ಹತ್ತಡಿ ಅಗಲದ ಹುಲ್ಲುಹಾಸು ಬೇಸಿಗೆಯಲ್ಲಿ ದಿನಕ್ಕೆ ಸುಮಾರು 45 ಲೀಟರ್ ಕುಡಿಯುತ್ತದೆ. ಅಂದರೆ ವಾರಕ್ಕೆ ಇಪ್ಪತ್ತು ಕೊಡ. ಅದೇ ಜಾಗದಲ್ಲಿ ಬೇರೂರಿದ ಎಂಟು ಗಟ್ಟಿ ಗಿಡಗಳಿದ್ದರೆ, ವಾರಕ್ಕೊಮ್ಮೆ ತಲಾ ಹತ್ತು ಲೀಟರ್ ಹಾಕಿದರೂ ಐದಾರು ಕೊಡದಲ್ಲಿ ಕೆಲಸ ಮುಗಿಯಿತು. ಅದಕ್ಕೆ ಸ್ನಾನದ ನೀರೇ ಸಾಕು.

ಹೆದ್ದಾರಿಯೇ ಪಾಠಶಾಲೆ

ಯಾವ ಗಿಡ ಗಟ್ಟಿ ಅಂತ ತಿಳಿಯೋಕೆ ಪುಸ್ತಕ ಬೇಡ. ಧರ್ಮಪುರಿಯಿಂದ ತೊಪ್ಪೂರು ಘಾಟಿ ಇಳಿದು ಸೇಲಂಗೆ ಬಸ್ಸಿನಲ್ಲಿ ಹೋಗುವಾಗ ಹೆದ್ದಾರಿಯ ನಡುಪಟ್ಟಿ ನೋಡಿ. ಎರಡೂ ಕಡೆ ಕಾದ ಡಾಂಬರು, ಲಾರಿಗಳ ಹೊಗೆ. ಆದರೂ ಕಣಗಿಲೆ, ಕಾಗದದ ಹೂ ನಗುತ್ತಾ ನಿಂತಿರುತ್ತವೆ. ಸೇಲಂ ಪಕ್ಕದ ಪನಮರತ್ತುಪಟ್ಟಿ ಸುತ್ತಮುತ್ತ ರೈತರು ಕಣಗಿಲೆಯನ್ನೇ ಬೆಳೆಯಾಗಿ ಬೆಳೆದು ಮಾರುಕಟ್ಟೆಗೆ ಕಳಿಸುತ್ತಾರೆ.

ಇಲ್ಲೊಂದು ಮಾತಿನ ಗೊಂದಲವಿದೆ. ಸೇಲಂ ಹೂವಿನ ಅಂಗಡಿಯಲ್ಲಿ ‘ಅರಳಿ’ ಅಂದರೆ ನಮ್ಮ ಅರಳಿಮರ ಅಲ್ಲ, ಕಣಗಿಲೆ. ನರ್ಸರಿಯಲ್ಲಿ ಕೇಳುವಾಗ ನೆನಪಿರಲಿ.

ಯಾವುದು ಎಲ್ಲಿಗೆ?

* ದಿನವಿಡೀ ಬಿಸಿಲು ಬೀಳುವ ಕಾಂಪೌಂಡ್ ಅಂಚಿಗೆ ಕಾಗದದ ಹೂ. ನೀರು ಜಾಸ್ತಿಯಾದರೆ ಇದು ಬರೀ ಎಲೆ ಬಿಡುತ್ತದೆ. ಸ್ವಲ್ಪ ಬಾಯಾರಿದರೇ ಹೂ ಜಾಸ್ತಿ. ಮುಳ್ಳಿರುವುದರಿಂದ ಓಡಾಡುವ ದಾರಿಯಿಂದ ದೂರವಿರಲಿ.

* ಪೂಜೆಗೆ ಹೂ ಬೇಕೆಂದರೆ ನಂದಿಬಟ್ಟಲು ಮತ್ತು ಐದೆಸಳಿನ ನಾಟಿ ಕೆಂಪು ದಾಸವಾಳ. ಹೈಬ್ರಿಡ್ ದಾಸವಾಳ ನೋಡೋಕೆ ಚೆಂದ, ಆದರೆ ಬಿಳಿ ಹಿಟ್ಟುತಿಗಣೆ ಕಾಟಕ್ಕೆ ಬೇಗ ಸೋಲುತ್ತದೆ.

* ಅರೆನೆರಳಿರುವ ಪೂರ್ವದ ಕಡೆಗೆ ಕನಕಾಂಬರ. ನೀರು ತುಸು ಹೆಚ್ಚು ಕೇಳುತ್ತದೆ, ಆದರೆ ಮುಡಿಯೋಕೆ ಹೂ ಕೊಡುತ್ತದೆ.

* ಮೆಟ್ಟಿಲ ಅಂಚಿಗೆ ನಿತ್ಯಪುಷ್ಪ, ಟೇಬಲ್ ರೋಸ್. ನಿತ್ಯಪುಷ್ಪ ತಾನೇ ಬೀಜ ಉದುರಿಸಿ ಹುಟ್ಟುತ್ತದೆ. ಟೇಬಲ್ ರೋಸ್‌ಗೆ ಒಂದು ತುಂಡು ಚುಚ್ಚಿದರೆ ಸಾಕು.

* ದುಡ್ಡೇ ಕೊಡಬೇಕಿಲ್ಲದ್ದು ಆವರಿಕೆ. ಪೊಂಗಲ್ ಮುನ್ನಾದಿನ ಬೇವಿನ ಸೊಪ್ಪಿನ ಜತೆ ಮನೆಗೆ ಕಟ್ಟುವ ಅದೇ ಹಳದಿ ಹೂ. ಬೀಜವನ್ನು ಒರಟು ಕಲ್ಲಿಗೆ ಉಜ್ಜಿ, ಒಂದು ರಾತ್ರಿ ನೆನೆಸಿ, ಇದ್ದ ಜಾಗದಲ್ಲೇ ಬಿತ್ತಿ. ಆಳಕ್ಕೆ ಬೇರು ಬಿಡುವ ಗಿಡ, ಕಿತ್ತು ನೆಟ್ಟರೆ ಹಿಡಿಯುವುದು ಕಷ್ಟ.

ಕೇಪಳ ಹೂವಿನ ಆಸೆಯಿದ್ದವರು ಒಮ್ಮೆ ಯೋಚಿಸಿ. ಗಡಸು ಬೋರ್‌ವೆಲ್ ನೀರಿಗೆ ಅದರ ಎಲೆ ಹಳದಿಯಾಗುತ್ತದೆ. ಏರ್ಕಾಡು ಪ್ರವಾಸದಲ್ಲಿ ಡೇಲಿಯಾ, ಹೈಡ್ರೇಂಜಿಯಾ ಕೊಂಡು ತರುವವರಿಗೂ ಇದೇ ಮಾತು. ಸುಮಾರು 1,500 ಮೀಟರ್ ಎತ್ತರದ ತಂಪಿನಲ್ಲಿ ಬೆಳೆದದ್ದು ಕೆಳಗಿನ ಸೆಕೆಗೆ ಬಾಳೋದಿಲ್ಲ.

ಮಕ್ಕಳಿದ್ದರೆ ಹುಷಾರ್

ಕಣಗಿಲೆ ಎಷ್ಟು ಗಟ್ಟಿಯೋ ಅಷ್ಟೇ ವಿಷ. ಎಲೆ, ಹೂ, ಕಡ್ಡಿ, ಬೇರು ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷವಿದೆ. ಹಳದಿ ಕಣಗಿಲೆಯ ಕಾಯಿ ಇನ್ನೂ ಅಪಾಯ. 2024ರಲ್ಲಿ ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಕಣಗಿಲೆ ಅಗಿದದ್ದೇ ಕಾರಣ ಎಂಬ ಶಂಕೆ ಬಂದ ಮೇಲೆ, ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಕ್ಕೆ ಈ ಹೂ ಬಳಸುವುದನ್ನು ನಿಲ್ಲಿಸಿತು. ಅಂಬೆಗಾಲಿಡುವ ಮಗು ಅಥವಾ ಆಡು, ಹಸು ಇರುವ ಮನೆಯಂಗಳಕ್ಕೆ ಕಣಗಿಲೆ ಬೇಡ. ಬೇರೆಯವರು ನೆಟ್ಟರೂ ಸವರಿದ ಕಡ್ಡಿಯನ್ನು ದನದ ಮುಂದೆ ಹಾಕಬೇಡಿ, ಒಲೆಗೂ ಹಾಕಬೇಡಿ. ಹೊಗೆಯೂ ಒಳ್ಳೆಯದಲ್ಲ.

ಮೊದಲ ವರ್ಷ ಆರೈಕೆ, ಆಮೇಲೆ ಆರಾಮ

ಕಡಿಮೆ ಆರೈಕೆ ಅಂದರೆ ಆರೈಕೆಯೇ ಬೇಡ ಅಂತಲ್ಲ. ಮೊದಲ ಬೇಸಿಗೆ ದಾಟುವವರೆಗೆ ವಾರಕ್ಕೆ ಎರಡು ಸಲ ನೀರು ಕೊಡಲೇಬೇಕು. ಜೂನ್‌ನಿಂದ ಅಕ್ಟೋಬರ್ ಒಳಗೆ, ಹದ ಮಳೆ ಬಿದ್ದ ಮೇಲೆ ನೆಡಿ. ಗುಂಡಿ ಒಂದೂವರೆ ಅಡಿ ಆಳವಿರಲಿ. ಅರ್ಧ ಕೆಮ್ಮಣ್ಣು, ಅರ್ಧ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ. ಗೋಡೆಯಿಂದ ಮೂರಡಿ ದೂರ ಬಿಡಿ. ಬುಡಕ್ಕೆ ಕಡಲೆಕಾಯಿ ಸಿಪ್ಪೆ ಅಥವಾ ತೆಂಗಿನ ನಾರು ಹರಡಿದರೆ ತೇವ ಬೇಗ ಆರುವುದಿಲ್ಲ. ಸ್ನಾನದ ನೀರು ಹಾಕಬಹುದು, ಸೋಪಿನ ಪುಡಿ ಕರಗಿದ ಬಟ್ಟೆ ಒಗೆದ ನೀರು ಬೇಡ.

ಇನ್ನೊಂದು ಮಾತು. ಪೂರ್ತಿ ಅಂಗಳಕ್ಕೆ ಸಿಮೆಂಟ್ ಬಳಿದು ‘ತಲೆನೋವೇ ಇಲ್ಲ’ ಅನ್ನುವವರಿದ್ದಾರೆ. ಆಗ ಬಿದ್ದ ಮಳೆ ನೀರು ಬೋರ್‌ವೆಲ್‌ಗೆ ಇಳಿಯದೆ ಚರಂಡಿ ಸೇರುತ್ತದೆ. ಹೊಸಿಲ ಮುಂದೆ ರಂಗೋಲಿಗೆ ಎಷ್ಟು ಬೇಕೋ ಅಷ್ಟು ಜಾಗ ಗಟ್ಟಿ ಮಾಡಿ, ಉಳಿದದ್ದು ಮಣ್ಣಾಗಿಯೇ ಇರಲಿ. ಮುಂದಿನ ಏಪ್ರಿಲ್‌ನಲ್ಲಿ ಗಿಡವೂ ಉಳಿಯುತ್ತದೆ, ಕೊಡ ಹೊರುವ ಸೊಂಟವೂ ಉಳಿಯುತ್ತದೆ.