ದೂರ ಒಂದೇ, ಹೊತ್ತು ಎರಡು

ದೆಹಲಿಯಿಂದ ಟೋಕಿಯೊಗೆ ನೇರ ವಿಮಾನ ಹತ್ತಿದರೆ ಸುಮಾರು ಏಳೂವರೆ ಗಂಟೆಯ ಹಾದಿ. ವಾಪಸು ಬರಲು ಒಂಬತ್ತೂವರೆ. ಚಳಿಗಾಲದಲ್ಲಿ ಇನ್ನೂ ಹೆಚ್ಚು ಹಿಡಿಯುವುದುಂಟು. ವಿಮಾನದ ಬಗೆ ಅದೇ, ಎಂಜಿನ್ ಅದೇ, ಊರುಗಳಂತೂ ಇದ್ದಲ್ಲೇ ಇವೆ.

ಭೂಗೋಳದ ಮೇಲೆ ದಾರ ಎಳೆದು ಅಳೆದರೆ ಎರಡು ನಗರಗಳ ನಡುವೆ ಸುಮಾರು 5,860 ಕಿ.ಮೀ. ಆ ದಾರ ದೆಹಲಿಯಿಂದ ಈಶಾನ್ಯಕ್ಕೆ ಹೊರಟು, ಹಿಮಾಲಯ ದಾಟಿ, ಟಿಬೆಟ್ ಪ್ರಸ್ಥಭೂಮಿಯ ಮೇಲೆ ಹಾಯುತ್ತದೆ. ಪೈಲಟ್‌ಗಳು ಮಾತ್ರ ಆ ದಾರಿ ಹಿಡಿಯುವುದಿಲ್ಲ. ಪರ್ವತ ಅಡ್ಡ ಬರುತ್ತದೆಂದಲ್ಲ, ವಿಮಾನ ಎವರೆಸ್ಟ್‌ಗಿಂತಲೂ ಮೇಲೆಯೇ ಹಾರುತ್ತದೆ. ತೊಂದರೆ ಇರುವುದು ಕೆಳಗಿಳಿಯುವುದರಲ್ಲಿ. ಒಳಗಿನ ಗಾಳಿಯ ಒತ್ತಡ ಕುಸಿದರೆ ಆಮ್ಲಜನಕದ ಮುಖವಾಡಗಳು ಜೋತುಬೀಳುತ್ತವೆ. ಸಾಮಾನ್ಯವಾಗಿ ಅವು ಹದಿನೈದು ಇಪ್ಪತ್ತು ನಿಮಿಷಕ್ಕಷ್ಟೇ ಸಾಕು. ಅಷ್ಟರೊಳಗೆ ವಿಮಾನ ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿದಿರಬೇಕು. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದ್ದರೆ ಇಳಿಯುವುದೆಲ್ಲಿಗೆ? ಹಾಗಾಗಿ ವಿಮಾನಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಸರಿದು, ಮ್ಯಾನ್ಮಾರ್ ಮತ್ತು ಚೀನಾದ ಯುನ್ನಾನ್ ಕಡೆಯಿಂದ ಬಳಸಿಕೊಂಡು ಹೋಗುತ್ತವೆ.

ಈ ಬಳಸು ದಾರಿ ಹೋಗುವಾಗಲೂ ಇದೆ, ಬರುವಾಗಲೂ ಇದೆ. ಎರಡು ಗಂಟೆಯ ಅಂತರಕ್ಕೆ ಕಾರಣ ಗಾಳಿ.

ನೆಲದಿಂದ ಸುಮಾರು ಹತ್ತು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಈ ಗಾಳಿಗೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಸೈಬೀರಿಯಾದ ಕೊರೆಯುವ ತಂಪಿಗೂ ದಕ್ಷಿಣದ ಬಿಸಿಗೂ ನಡುವಿನ ವ್ಯತ್ಯಾಸ ಹೆಚ್ಚಿ, ಜಪಾನಿನ ಮೇಲೆ ಅದರ ವೇಗ ಗಂಟೆಗೆ 300 ಕಿ.ಮೀ. ಮೀರುವುದುಂಟು. ಜಗತ್ತಿನಲ್ಲೇ ಅತಿ ಬಿರುಸಿನ ಜೆಟ್ ಸ್ಟ್ರೀಮ್ ಇಲ್ಲಿಯದು.

ಅದನ್ನು ಮೊದಲು ಸರಿಯಾಗಿ ಅಳೆದವರೂ ಜಪಾನಿನವರೇ. ಟಟೆನೊ ವೀಕ್ಷಣಾಲಯದ ಮುಖ್ಯಸ್ಥ ವಾಸಬುರೊ ಓಯಿಶಿ 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ದುರ್ಬೀನಿನಲ್ಲಿ ಹಿಂಬಾಲಿಸಿ, ಒಂಬತ್ತು ಕಿ.ಮೀ. ಎತ್ತರದಲ್ಲಿ ಗಂಟೆಗೆ 250 ಕಿ.ಮೀ. ವೇಗ ಕಂಡರು. ಲೋಕವೆಲ್ಲ ಓದಲಿ ಎಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಹೊರಗೆ ಅದನ್ನು ಗಮನಿಸಿದವರು ಇಲ್ಲವೆಂಬಷ್ಟು ವಿರಳ! 1944ರಲ್ಲಿ ಟೋಕಿಯೊ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳು ಈ ಗಾಳಿಗೆ ಸಿಕ್ಕಿ ಗುರಿ ತಪ್ಪಿ ತಬ್ಬಿಬ್ಬಾದವು. ಜಪಾನ್ ಇದೇ ಗಾಳಿಯ ಬೆನ್ನೇರಿಸಿ 9,000ಕ್ಕೂ ಹೆಚ್ಚು ಬಾಂಬು ಬಲೂನುಗಳನ್ನು ಪೆಸಿಫಿಕ್ ಸಾಗರದಾಚೆಗೆ ಅಟ್ಟಿತು.

ಲೆಕ್ಕ ಸರಳ. ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿಯದು 100 ಎನ್ನೋಣ. ಗಾಳಿ ಹಿಂದಿನಿಂದ ತಳ್ಳಿದರೆ 6,000 ಕಿ.ಮೀ. ಆರು ಗಂಟೆಯಲ್ಲಿ ಮುಗಿಯುತ್ತದೆ. ಎದುರಾದರೆ ಏಳೂವರೆ ಬೇಕು. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು ಹದಿಮೂರು ಗಂಟೆ ಇಪ್ಪತ್ತು ನಿಮಿಷ, ಗಾಳಿಯಿದ್ದರೆ ಹದಿಮೂರೂವರೆ. ಅಂದರೆ ಹೋಗುವಾಗಿನ ಲಾಭ ಬರುವಾಗಿನ ನಷ್ಟವನ್ನು ಪೂರ್ತಿ ತುಂಬುವುದಿಲ್ಲ.

ಬೆಂಗಳೂರಿನಿಂದಲೂ ಟೋಕಿಯೊದ ನರಿತಾ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ದೂರ ಸುಮಾರು 6,700 ಕಿ.ಮೀ.; ಹೋಗಲು ಎಂಟು ಗಂಟೆ, ಬರಲು ಹತ್ತರ ಹತ್ತಿರ. ಟಿಕೆಟ್ ನೋಡಿದವರಿಗೆ ಮಾತ್ರ ಇದು ತಿರುಗುಮುರುಗಾಗಿ ಕಾಣುತ್ತದೆ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ; ಹೊರಡುವ, ತಲುಪುವ ಹೊತ್ತನ್ನು ಆಯಾ ಊರಿನ ಗಡಿಯಾರದ ಪ್ರಕಾರ ಮುದ್ರಿಸುತ್ತಾರೆ. ಹಾಗಾಗಿ ಬೇಗ ಮುಗಿಯುವ ಪಯಣ ಹನ್ನೊಂದೂವರೆ ಗಂಟೆಯದೆಂದೂ, ನಿಧಾನದ್ದು ಆರೂವರೆ ಗಂಟೆಯದೆಂದೂ ತೋರುತ್ತದೆ.